ಅಲ್ಯೂಟರೂ ಬರ್ಮಾದವರೂ ನಮ್ಮ ಚಿಕ್ಕಮ್ಮನೂ

೧೯೬೬ನೆಯ ಇಸವಿ. ನನಗೆ ಆಗ ಇಪ್ಪತ್ತೈದು ವರ್ಷ. ಶಿವಮೊಗ್ಗದ ಪ್ರೌಢಶಾಲೆಯೊಂದರಲ್ಲಿ ಕನ್ನಡವನ್ನೂ ಭೂಗೋಳವನ್ನೂ ಕಲಿಸುತ್ತಿದ್ದ ನಾನು ಆ ವರ್ಷ ಶಿಕ್ಷಕರ ತರಬೇತಿಗೆ ಸೇರಿದ್ದೆ. ತರಬೇತಿಯ ಅಂಗವಾಗಿ ಪ್ರತಿಯೊಬ್ಬರೂ ಒಂದು ದೀರ್ಘ ಪ್ರಬಂಧವನ್ನು ಬರೆದು ಒಪ್ಪಿಸಬೇಕಾಗಿತ್ತು: ಒಂದಕ್ಕೊಂದು ಸಂಬಂಧವಿಲ್ಲದ ಎರಡು ಜನಸಮುದಾಯಗಳನ್ನು ಆರಿಸಿಕೊಂಡು, ಅವುಗಳ ಸಾಮಾಜಿಕ ಹಾಗೂ ಆರ್ಥಿಕ ಸ್ಥಿತಿಗತಿಗಳನ್ನು ಹೋಲಿಸುವುದು. ನನ್ನ ಸಹಪಾಠಿಗಳು ನನಗಿಂತ ಮೊದಲೇ ಗ್ರಂಥಾಲಯಕ್ಕೆ ನುಗ್ಗಿ, ಮರುಭೂಮಿಯವರನ್ನೂ ಹುಲ್ಲುಗಾವಲಿನವರನ್ನೂ ತಮ್ಮತಮ್ಮಲ್ಲಿ ಹಂಚಿಕೊಂಡುಬಿಟ್ಟಿದ್ದರು. ನನ್ನ ಪಾಲಿಗೆ ಉಳಿದದ್ದು ಒಂದು ಹಳೆಯ ಇಂಗ್ಲಿಷ್ ವಿಶ್ವಕೋಶದ ಮೊದಲ ಸಂಪುಟ ಮಾತ್ರ. ಅದರಲ್ಲಿ ಅಲ್ಯೂಟರು ಸಿಕ್ಕಿದರು. ಏಷ್ಯಾ ಖಂಡಕ್ಕೂ ಅಮೆರಿಕಕ್ಕೂ ನಡುವೆ, ಭೂಪಟದ ಮೇಲಂಚಿನಲ್ಲಿ, ಬಾಗಿದ ದಾರದಂತೆ ಕಾಣುವ ದ್ವೀಪಗಳ ಸಾಲಿನಲ್ಲಿ ವಾಸಿಸುವ ಜನ. ಮರವೆಂಬುದೇ ಇಲ್ಲದ ನೆಲ, ಸದಾ ಮಂಜು, ಸದಾ ಗಾಳಿ. ಚಿತ್ರಗಳು ಎರಡೇ ಇದ್ದವು.

ಎರಡನೆಯ ಸಮುದಾಯಕ್ಕಾಗಿ ನಾನು ಪುಸ್ತಕವನ್ನು ಹುಡುಕಬೇಕಾಗಿರಲಿಲ್ಲ. ಭದ್ರಾವತಿಯಲ್ಲಿ ನನಗೊಬ್ಬ ಬರ್ಮಾದ ಚಿಕ್ಕಮ್ಮ ಇದ್ದರು.

ಅವರು ನಮ್ಮ ಮನೆಗೆ ಬಂದ ಬಗೆಯನ್ನು ಕ್ರಮವಾಗಿ ಹೇಳುತ್ತೇನೆ. ನಮ್ಮದು ಕೋಟೆಯಲ್ಲಿದ್ದ ಮನೆ. ಗಾಂಧಿ ಬಜಾರಿನಲ್ಲಿ ತಂದೆಯ ಬಟ್ಟೆಯಂಗಡಿ. ಎದೆಯ ಮೇಲೆ ಲಿಂಗ ಧರಿಸುವ, ಮೂರು ಹೊತ್ತೂ ಪೂಜೆಯಿಲ್ಲದೆ ನೀರು ಕುಡಿಯದ ಮನೆತನ. ತಂದೆಯ ತಮ್ಮ, ನನ್ನ ಚಿಕ್ಕಪ್ಪ, ಎರಡನೆಯ ಮಹಾಯುದ್ಧ ಮುಗಿದ ವರ್ಷ ಯಾರದೋ ಜೊತೆಗೂಡಿ ರಂಗೂನಿಗೆ ಹೋದವರು, ಅಲ್ಲಿನ ಮರದ ವ್ಯಾಪಾರಿಯೊಬ್ಬನ ಬಳಿ ಗುಮಾಸ್ತರಾದರು. ಆ ಊರಿನ ಮಾರುಕಟ್ಟೆಯಲ್ಲಿ ಅಕ್ಕಿ ಮಾರುತ್ತಿದ್ದ ಹೆಂಗಸೊಬ್ಬರ ಮಗಳನ್ನು ಮದುವೆಯಾದರು. ಆ ಸುದ್ದಿ ತಿಳಿದ ದಿನ ಅಜ್ಜಿ ಊಟ ಮಾಡಲಿಲ್ಲವೆಂದು ಅಮ್ಮ ಹೇಳುತ್ತಿದ್ದರು. ೧೯೬೪ರಲ್ಲಿ ಅಲ್ಲಿನ ಸರ್ಕಾರ ಅಂಗಡಿಗಳನ್ನೂ ವ್ಯಾಪಾರವನ್ನೂ ತಾನೇ ವಹಿಸಿಕೊಂಡು, ಇಂಡಿಯಾದವರೆಲ್ಲ ಹಡಗು ಹತ್ತುವಂತಾದಾಗ ಗಂಡಹೆಂಡತಿ ಇಬ್ಬರೂ ಉಟ್ಟ ಬಟ್ಟೆಯಲ್ಲಿ ಎನ್ನುವಂತೆ ಮದ್ರಾಸಿಗೆ ಬಂದಿಳಿದರು. ಅವರಿಗೆ ಮಕ್ಕಳಿರಲಿಲ್ಲ. ಚಿಕ್ಕಮ್ಮ ತಮ್ಮ ತಾಯಿಯನ್ನು ಅಲ್ಲಿಯೇ ಬಿಟ್ಟು ಬಂದಿದ್ದರು. ದೇಶ ಬಿಟ್ಟು ಹೋದವರಿಗೆ ಹಿಂದಿರುಗುವ ದಾರಿ ಇರಲಿಲ್ಲ.

ಚಿಕ್ಕಪ್ಪನಿಗೆ ಶುದ್ಧಿ ಮಾಡಿಸಿ ಊಟದ ಪಂಕ್ತಿಗೆ ಸೇರಿಸಿಕೊಂಡರು. ಚಿಕ್ಕಮ್ಮನ ಪ್ರಶ್ನೆ ಹಾಗೆ ಬಗೆಹರಿಯುವಂಥದಾಗಿರಲಿಲ್ಲ. ಲಿಂಗವಿಲ್ಲದವರನ್ನು ನಮ್ಮಲ್ಲಿ ಭವಿ ಎನ್ನುತ್ತಾರೆ. ಭವಿ ಮುಟ್ಟಿದ ಅನ್ನ ಮನೆಯವರಿಗೆ ಸಲ್ಲದು. ಆದ್ದರಿಂದ ಚಿಕ್ಕಪ್ಪ ಭದ್ರಾವತಿಯ ಕಾರ್ಖಾನೆಯೊಂದರ ಉಗ್ರಾಣದಲ್ಲಿ ಕೆಲಸ ಹಿಡಿದು ಅಲ್ಲಿಯೇ ಒಂದು ಸಾಲುಮನೆಯಲ್ಲಿ ಸಂಸಾರ ಹೂಡಿದರು. ಹಬ್ಬಕ್ಕೆ ಶಿವಮೊಗ್ಗಕ್ಕೆ ಬಂದರೆ ಚಿಕ್ಕಮ್ಮ ಪಡಸಾಲೆಯ ಕಂಬದ ಬಳಿ ಕೂರಬೇಕು. ಅವರ ಎಲೆಯನ್ನು ಅಲ್ಲಿಗೇ ತಂದು ಹಾಕುತ್ತಿದ್ದರು. ೧೯೬೬ರ ಶಿವರಾತ್ರಿಯಂದು ಅಜ್ಜಿ ಒಂದು ತೀರ್ಮಾನಕ್ಕೆ ಬಂದರು. ಒಂದು ವರ್ಷ ಚಿಕ್ಕಮ್ಮ ಮೀನು, ಮಾಂಸ ಮುಟ್ಟದೆ ಇದ್ದರೆ ಮುಂದಿನ ಶಿವರಾತ್ರಿಗೆ ಮನೆಯ ಗುರುಗಳಾದ ಅಯ್ಯನವರಿಂದ ಲಿಂಗದೀಕ್ಷೆ ಕೊಡಿಸುವುದು. ಅನಂತರ ಅವರು ಅಡುಗೆಮನೆಗೆ ಬರಬಹುದು, ಈ ಮನೆಯ ಸೊಸೆ ಎನಿಸಿಕೊಳ್ಳಬಹುದು. ಚಿಕ್ಕಮ್ಮ ಕೂಡಲೇ ಒಪ್ಪಿಕೊಂಡರು. ಚಿಕ್ಕಪ್ಪ ಪಂಕ್ತಿಯಲ್ಲಿ ಕುಳಿತು ಉಣ್ಣುವಾಗ ಅವರು ದೂರದಿಂದ ನೋಡುತ್ತಿದ್ದ ನೋಟವನ್ನು ಕಂಡಿದ್ದ ನನಗೆ ಆ ಒಪ್ಪಿಗೆಯಲ್ಲಿ ಆಶ್ಚರ್ಯವೆನಿಸಲಿಲ್ಲ.

ಜುಲೈಯಿಂದ ನಾನು ಪ್ರತಿ ಭಾನುವಾರ ಬೆಳಗಿನ ರೈಲಿನಲ್ಲಿ ಭದ್ರಾವತಿಗೆ ಹೋಗತೊಡಗಿದೆ. ಹಾಳೆಯ ಮಧ್ಯೆ ಉದ್ದನೆಯ ಗೆರೆ ಎಳೆದು ಎಡಕ್ಕೆ ಅಲ್ಯೂಟರು, ಬಲಕ್ಕೆ ಬರ್ಮಾದವರು ಎಂದು ಬರೆದುಕೊಂಡಿದ್ದೆ. ವಸತಿ, ಉಡುಪು, ಜೀವನೋಪಾಯ, ಆಹಾರ, ಮತ, ಇತಿಹಾಸ: ಇದು ಕ್ರಮ. ಎಡಭಾಗವನ್ನು ಪುಸ್ತಕದಿಂದ ತುಂಬಿಕೊಂಡು ಹೋಗಿ, ಬಲಭಾಗಕ್ಕೆ ಬೇಕಾದ ಪ್ರಶ್ನೆಗಳನ್ನು ಚಿಕ್ಕಮ್ಮನಿಗೆ ಕೇಳುವುದು ನನ್ನ ವಿಧಾನ. ಆದರೆ ಚಿಕ್ಕಮ್ಮ ಮೊದಲ ದಿನವೇ ಆ ವಿಧಾನವನ್ನು ತಲೆಕೆಳಗು ಮಾಡಿದರು. ಪ್ರಶ್ನೆ ಕೇಳುವವರು ಅವರೇ ಆದರು.

“ಅವರ ಮನೆ ಹೇಗಿರುತ್ತೆ, ಮೊದಲು ಅದು ಹೇಳು.”

“ಅರ್ಧ ನೆಲದೊಳಗೆ ಅಗೆದು, ಮೇಲೆ ಹುಲ್ಲು ಮಣ್ಣು ಹಾಕಿ ಕಟ್ಟೋ ಮನೆ, ಚಿಕ್ಕಮ್ಮ. ಗೋಡೆಗೆ ಬಾಗಿಲಿರಲ್ಲ. ಮಾಡಿನಲ್ಲಿ ಒಂದು ಕಿಂಡಿ. ಅದರಿಂದ ಏಣಿ ಇಳಿದು ಒಳಗೆ ಹೋಗ್ತಾರೆ.”

“ಬಾಗಿಲೇ ಇಲ್ವಾ? ಹಂಗಾದ್ರೆ ಹೊಸ್ತಿಲೂ ಇಲ್ಲ.”

“ಇಲ್ಲ.”

“ಒಳ್ಳೇ ಜನ ಕಣಪ್ಪಾ ಮೇಷ್ಟ್ರೇ! ಹೊಸ್ತಿಲೇ ಇಲ್ಲ ಅಂದ್ರೆ ಯಾರನ್ನ ಎಲ್ಲಿ ನಿಲ್ಲಿಸ್ತಾರೆ?”

ಚಿಕ್ಕಪ್ಪ ಚಾಪೆಯ ಮೇಲೆ ಮಲಗಿದ್ದವರು ಎದ್ದು ಕೂತು ನಕ್ಕರು. “ಇದನ್ನೂ ಬರ್ಕೋ ಮಾರಾಯ. ನಿಮ್ಮ ಪ್ರೊಫೆಸರ್ ಓದ್ಲಿ.”

ಚಿಕ್ಕಮ್ಮನ ಕನ್ನಡ ಗಂಡನಿಂದ ಕಲಿತದ್ದು. ಅದರ ಮೇಲೆ ಭದ್ರಾವತಿಯ ಸಾಲುಮನೆಗಳ ತಮಿಳು, ತೆಲುಗು ಮೆತ್ತಿಕೊಂಡಿದ್ದವು. ವಿಭಕ್ತಿ ತಪ್ಪಿದಾಗ ತಿದ್ದದೆ ಇರುವುದು ನನ್ನಿಂದ ಆಗುತ್ತಿರಲಿಲ್ಲ. ಅವರು ಬೇಸರಪಡುತ್ತಿರಲಿಲ್ಲ. “ತಿದ್ದು, ತಿದ್ದು. ಅತ್ತೆ ಮುಂದೆ ಮಾತಾಡ್ಬೇಕಲ್ಲ ನಾನು,” ಎಂದು ಸರಿಯಾದ ರೂಪವನ್ನು ಎರಡು ಸಲ ಹೇಳಿ ನಾಲಿಗೆಗೆ ಕೂರಿಸಿಕೊಳ್ಳುತ್ತಿದ್ದರು.

ಜೀವನೋಪಾಯದ ಭಾಗಕ್ಕೆ ನಾವು ಹಲವು ಭಾನುವಾರ ತೆಗೆದುಕೊಂಡೆವು. ಅಲ್ಯೂಟ್ ಗಂಡಸರು ಚರ್ಮ ಹೊದಿಸಿದ ಕಿರುದೋಣಿಗಳಲ್ಲಿ ಕಡಲಿಗೆ ಹೋಗುತ್ತಿದ್ದರು. ಹೆಂಗಸರು ಸೀಲ್ ಪ್ರಾಣಿಯ ಕರುಳನ್ನು ಒಣಗಿಸಿ, ಸೀಳಿ, ನೀರು ನುಗ್ಗದ ಅಂಗಿಗಳನ್ನು ಹೊಲಿಯುತ್ತಿದ್ದರು. ಆಮೇಲೆ ರಷ್ಯದ ತುಪ್ಪಳದ ವ್ಯಾಪಾರಿಗಳು ಬಂದರು. ಹೆಂಡತಿ ಮಕ್ಕಳನ್ನು ಒತ್ತೆಯಿಟ್ಟುಕೊಂಡು ಗಂಡಸರನ್ನು ಬೇಟೆಗೆ ಅಟ್ಟಿದರು. ಅನಂತರ ದ್ವೀಪಗಳು ಅಮೆರಿಕಕ್ಕೆ ಮಾರಾಟವಾದವು. ಸೀಲ್ ಚರ್ಮ ಸರ್ಕಾರದ್ದಾಯಿತು, ಸುಲಿಯುವ ಕೆಲಸ ಇವರದ್ದಾಯಿತು. ಕೂಲಿಯೆಂದರೆ ಅಂಗಡಿಯಿಂದ ಅಳೆದು ಕೊಟ್ಟ ದಿನಸಿ.

“ಊರಿಗೂರೇ ಮಾರಿದ್ರಾ? ಅವರನ್ನ ಕೇಳಲಿಲ್ವಾ?” ಎಂದರು ಚಿಕ್ಕಮ್ಮ.

“ಕೇಳಿದ ಹಾಗೆ ಪುಸ್ತಕದಲ್ಲಿಲ್ಲ.”

“ನಮ್ಮನ್ನೂ ಕೇಳಲಿಲ್ಲ. ಒಂದು ದಿನ ಹೋದ್ರೆ ಇವರ ಕಚೇರಿ ಬಾಗಿಲಿಗೆ ಸಿಪಾಯಿ ಕೂತಿದ್ದ. ಅಮ್ಮನ ಅಕ್ಕಿ ಅಂಗಡಿಗೂ ಬಂದ್ರು. ಅಮ್ಮ ಏನಂದ್ಲು ಗೊತ್ತಾ? ಅಕ್ಕಿ ತಗೊಂಡು ಹೋಗಿ, ತಕ್ಕಡಿ ಮುಟ್ಟಬೇಡಿ ಅಂದ್ಲು.” ಅವರು ತಕ್ಕಡಿ ಹಿಡಿದಂತೆ ಕೈಯೆತ್ತಿ ತೋರಿಸಿದರು. “ನಮ್ಮಲ್ಲಿ ವ್ಯಾಪಾರ ಹೆಂಗಸರದ್ದು. ಗಂಡಸರು ಹೋದ್ರೆ ಮೋಸ ಹೋಗಿ ಬರ್ತಾರೆ, ಇವರ ಥರ.”

ಭದ್ರಾವತಿಯ ಸಂತೆಯಲ್ಲಿ ತಾವೂ ಒಂದು ಅಂಗಡಿ ಹಾಕಬೇಕೆಂಬ ಆಸೆ ಅವರಿಗಿತ್ತು. ಆ ಮಾತು ಶಿವಮೊಗ್ಗದವರೆಗೆ ಬಂದಾಗ ತಂದೆ ಒಂದೇ ವಾಕ್ಯದಲ್ಲಿ ಮುಗಿಸಿದ್ದರು: ನಮ್ಮ ಮನೆಯ ಹೆಂಗಸರು ಸಂತೆಯಲ್ಲಿ ಕೂರುವುದಿಲ್ಲ. ಅದನ್ನು ಹೇಳುತ್ತ ಚಿಕ್ಕಮ್ಮ ಕೊರಗಿದಂತೆ ನನಗೆ ತೋರಲಿಲ್ಲ. ‘ನಮ್ಮ ಮನೆಯ ಹೆಂಗಸರು’ ಎಂದು ಭಾವನವರು ತಮ್ಮನ್ನು ಸೇರಿಸಿ ಹೇಳಿದ್ದೇ ಅವರಿಗೆ ಮುಖ್ಯವಾಗಿ ಕಂಡಿತ್ತು.

ಆಹಾರದ ಭಾಗ ಬಂದಾಗ ಮಾತು ತೊಡರಿತು. ಅಲ್ಯೂಟರು ಮೀನನ್ನು ಹಸಿಯಾಗಿಯೂ, ಒಣಗಿಸಿಯೂ, ಹುಳಿಬರಿಸಿಯೂ ತಿನ್ನುತ್ತಾರೆಂದು ಓದಿದೆ. ಚಿಕ್ಕಮ್ಮ ಕತ್ತಿಯಿಂದ ಬದನೆಕಾಯಿ ಹೆಚ್ಚುತ್ತಿದ್ದವರು ನಿಲ್ಲಿಸಿದರು.

“ಹುಳಿಬರಿಸ್ತಾರಾ? ಉಪ್ಪು ಹಾಕಿ?”

“ಹೇಗೆ ಅಂತ ಬರೆದಿಲ್ಲ.”

“ಉಪ್ಪಿಲ್ದೆ ಆಗಲ್ಲ,” ಎಂದರು, ಮತ್ತೆ ಹೆಚ್ಚತೊಡಗಿದರು. ಉಪ್ಪಿನಲ್ಲಿ ಹುಳಿಬರಿಸಿ ಅರೆದ ಮೀನಿನ ಗೊಜ್ಜಿಲ್ಲದೆ ಬರ್ಮಾದಲ್ಲಿ ಅನ್ನ ಇಳಿಯುವುದಿಲ್ಲವೆಂದು ಚಿಕ್ಕಪ್ಪ ನನಗೆ ಮೊದಲೇ ಹೇಳಿದ್ದರು. ವ್ರತ ಹಿಡಿದ ಮೇಲೆ ಚಿಕ್ಕಮ್ಮ ಇಳಿದುಹೋಗಿದ್ದರು. ರವಿಕೆಯ ತೋಳುಗಳು ಸಡಿಲವಾಗಿ ನೇತಾಡುತ್ತಿದ್ದವು. ಪಕ್ಕದ ಮನೆಯ ತಮಿಳು ಹೆಂಗಸು, ಕಾರ್ಖಾನೆಯ ಕುಲುಮೆಯಲ್ಲಿ ಕೆಲಸ ಮಾಡುವವನ ಹೆಂಡತಿ, ಭಾನುವಾರ ಮೀನು ಹುರಿಯುವಾಗ ಗೋಡೆಯಾಚೆಯಿಂದ ಕೂಗುತ್ತಿದ್ದಳು:

“ಬರ್ಮಾಕ್ಕಾ! ವಾಸನೆ ಆದ್ರೂ ತಗೋ ಅಕ್ಕಾ. ಅದಕ್ಕೆ ಕಾಸೂ ಇಲ್ಲ, ಪಾಪನೂ ಇಲ್ಲ!”

“ಮುಚ್ಚೇ, ಮೂಗಿಗೂ ದೀಕ್ಷೆ ಕೊಡ್ತಾರಂತೆ ನಂಗೆ!” ಎಂದು ಇವರು ಇಲ್ಲಿಂದ ಕೂಗುತ್ತಿದ್ದರು.

ಮತದ ಭಾಗವನ್ನು ನಾನು ಹೆಚ್ಚು ಎಚ್ಚರದಿಂದ ಓದಿದೆ. ತಮ್ಮನ್ನು ದುಡಿಸಿಕೊಂಡ ರಷ್ಯನ್ನರ ಮತವನ್ನೇ ಅಲ್ಯೂಟರು ಸ್ವೀಕರಿಸಿದ್ದರು. ಬರುಬರುತ್ತ ಅದು ಅವರ ಸ್ವಂತದ್ದೇ ಆಗಿಹೋಯಿತು. ರಷ್ಯನ್ನರು ಹೊರಟುಹೋದ ಮೇಲೂ ಅವರು ಅದನ್ನು ಬಿಡಲಿಲ್ಲ. ಚಿಕ್ಕಮ್ಮ, “ಅವರು ದೇವರು ಬದಲಾಯಿಸಿದ್ರು, ಮೀನು ಬಿಡಲಿಲ್ಲ. ನಾನು ಮೀನು ಬಿಟ್ಟೆ, ದೇವರು ಇನ್ನೂ ಬಂದಿಲ್ಲ,” ಎಂದರು. ಅಂದು ಚಿಕ್ಕಪ್ಪ ನಗಲಿಲ್ಲ.

ಇತಿಹಾಸದ ಕೊನೆಯ ಸಾಲಿಗೆ ಬಂದಾಗ ನನಗೇ ರೋಮಾಂಚನವಾಯಿತು. ಜಪಾನಿನವರು ಬರ್ಮಾವನ್ನು ಹಿಡಿದ ೧೯೪೨ರಲ್ಲಿಯೇ ಅಲ್ಯೂಟರ ದ್ವೀಪಗಳಿಗೂ ನುಗ್ಗಿದ್ದರು. ಎರಡು ಸಮುದಾಯಗಳಿಗೂ ಸಾಮಾನ್ಯವಾದ ಒಂದು ಇಸವಿ! ಪ್ರಬಂಧಕ್ಕೆ ಇಂಥದೊಂದು ಕೊಂಡಿ ಸಿಕ್ಕರೆ ಸಾಕೆಂದು ಕಾದಿದ್ದ ನಾನು ಸಂಭ್ರಮದಿಂದ ಓದಿ ಹೇಳಿದೆ. ಯುದ್ಧದ ಕಾಲದಲ್ಲಿ ಅಲ್ಯೂಟರನ್ನು ಸರ್ಕಾರವೇ ಹಡಗಿನಲ್ಲಿ ತುಂಬಿ ದೂರದ ನೆಲಕ್ಕೆ ಸಾಗಿಸಿತೆಂದು ಪುಸ್ತಕದಲ್ಲಿ ಒಂದು ವಾಕ್ಯವಿತ್ತು.

“ಆಮೇಲೆ?” ಎಂದರು ಚಿಕ್ಕಮ್ಮ.

“ಅಷ್ಟೇ ಇದೆ.”

“ವಾಪಸ್ ಬಂದ್ರಾ ಇಲ್ವಾ?”

“ಗೊತ್ತಿಲ್ಲ ಚಿಕ್ಕಮ್ಮ.”

“ಎಂಥ ಪುಸ್ತಕವೋ ಅದು! ಹೋದ್ರು ಅಂತ ಬರೀತಾರೆ, ಬಂದ್ರಾ ಅಂತ ಬರೆಯಲ್ಲ.” ಆಮೇಲೆ ಅವರು ರಂಗೂನಿನ ಮೇಲೆ ಬಾಂಬು ಬಿದ್ದ ದಿನವನ್ನು ಹೇಳಿದರು. ಆಗ ಅವರು ಇನ್ನೂ ಹುಡುಗಿ. ತಾಯಿ ಒಂದು ಕೈಯಲ್ಲಿ ತಕ್ಕಡಿಯನ್ನೂ ಇನ್ನೊಂದು ಕೈಯಲ್ಲಿ ಮಗಳನ್ನೂ ಹಿಡಿದು ಹಳ್ಳಿಯ ಕಡೆಗೆ ನಡೆದಳಂತೆ. “ನನ್ನ ಕೈ ಬಿಟ್ಟಿದ್ದೇ ಇಲ್ಲ ಅವಳು. ನಾನೇ ಹಡಗು ಹತ್ತುವಾಗ ಬಿಟ್ಟೆ,” ಎಂದರು. ಬರ್ಮಾದವರ ಭಾಗದಲ್ಲಿ ನಾನು ಅದನ್ನು ಬರೆದುಕೊಳ್ಳಲಿಲ್ಲ. ಅದು ಯಾವ ವಿಭಾಗಕ್ಕೂ ಸೇರುವಂತಿರಲಿಲ್ಲ.

೧೯೬೭ರ ಜನವರಿ ಕೊನೆಯಲ್ಲಿ ಪ್ರಬಂಧವನ್ನು ಒಪ್ಪಿಸಿದೆ. ಅದು ತಿರುಗಿ ಬಂದಾಗ ಮೇಲುಗಡೆ ಕೆಂಪು ಶಾಯಿಯಲ್ಲಿ ಪ್ರಾಧ್ಯಾಪಕರ ಷರಾ ಇತ್ತು: ಅಲ್ಯೂಟರ ಭಾಗ ವ್ಯವಸ್ಥಿತವಾಗಿದೆ, ಬರ್ಮಾದವರ ಭಾಗಕ್ಕೆ ಆಧಾರ ಸಾಲದು, ಒಬ್ಬ ಹೆಂಗಸು ಒಂದು ಸಮುದಾಯವಾಗುವುದಿಲ್ಲ. ವಿದ್ಯಾರ್ಥಿಯಾಗಿ ಆ ಮಾತನ್ನು ನಾನು ಒಪ್ಪಿದೆ. ಶಾಸ್ತ್ರದ ದೃಷ್ಟಿಯಿಂದ ಅದು ಇಂದಿಗೂ ನಿರ್ದುಷ್ಟವಾದ ವಾಕ್ಯ. ಆದರೆ ಅಲ್ಯೂಟರನ್ನು ಹಡಗಿನಲ್ಲಿ ಸಾಗಿಸುವಾಗ ಊರಿಗೂರೇ ಜೊತೆಯಲ್ಲಿತ್ತು. ಪಕ್ಕದಲ್ಲಿ ಕೂತವರಿಗೆ ತಮ್ಮ ಮಾತು ತಿಳಿಯುತ್ತಿತ್ತು. ಚಿಕ್ಕಮ್ಮನ ಜೊತೆಗೆ ಇದ್ದವರು ಚಿಕ್ಕಪ್ಪ ಒಬ್ಬರೇ. ನಾನು ಮಾಡಬೇಕಾಗಿದ್ದ ಹೋಲಿಕೆ ಅದೇ ಎಂಬುದು ನನಗೆ ಹೊಳೆಯುವ ಹೊತ್ತಿಗೆ ಫೆಬ್ರವರಿ ತಿಂಗಳು ಬಂದಿತ್ತು.

ಆ ತಿಂಗಳ ಒಂದು ಭಾನುವಾರ ಬರ್ಮಾದಿಂದ ಹೊಸದಾಗಿ ಬಂದಿದ್ದ ತೆಲುಗು ದಂಪತಿಗಳು ತಮ್ಮ ನೆಂಟರನ್ನು ಕಾಣಲು ಕಾರ್ಖಾನೆಯ ಸಾಲುಮನೆಗಳಿಗೆ ಬಂದಿದ್ದರು. ಬರ್ಮಾದವರೊಬ್ಬರು ಇಲ್ಲಿದ್ದಾರೆಂದು ಕೇಳಿ ಚಿಕ್ಕಪ್ಪನ ಮನೆಗೂ ಬಂದರು. ನಾನು ಅಂದು ಅಲ್ಲಿದ್ದೆ. ಆ ಹೆಂಗಸೂ ಚಿಕ್ಕಮ್ಮನೂ ಬರ್ಮೀ ಭಾಷೆಯಲ್ಲಿ ಮಾತನಾಡಿದರು. ಚಿಕ್ಕಮ್ಮ ಮೊದಲು ನಕ್ಕರು, ಏನೇನೋ ಬೀದಿಗಳ ಹೆಸರು ಕೇಳಿದರು. ಆಮೇಲೆ ಆ ಹೆಂಗಸು ದನಿ ತಗ್ಗಿಸಿ ಏನನ್ನೋ ಹೇಳಿದಳು. ಚಿಕ್ಕಮ್ಮ ಕೂತಲ್ಲಿಂದ ಎದ್ದು, ಅವರಿಗೆ ಕಾಫಿ ಮಾಡಿಕೊಟ್ಟು, ಬಾಗಿಲವರೆಗೆ ಬಂದು ಕಳಿಸಿ, ಒಳಗೆ ಬಂದು ಗಂಡನಿಗೆ ಕನ್ನಡದಲ್ಲಿ ಹೇಳಿದರು: “ಅಮ್ಮ ಹೋದಳಂತೆ. ಮಳೆಗಾಲದಲ್ಲೇ ಹೋದಳಂತೆ.” ಆ ಮಳೆಗಾಲದ ಭಾನುವಾರಗಳಲ್ಲಿ ನಾವು ಅಲ್ಯೂಟರ ಜೀವನೋಪಾಯವನ್ನು ಓದುತ್ತಿದ್ದೆವು.

ಚಿಕ್ಕಪ್ಪ ನನ್ನನ್ನು ಊರಿಗೆ ಹೋಗಗೊಡಲಿಲ್ಲ. ಮಾರನೆಯ ದಿನ ಸೋಮವಾರ. ಕಾರ್ಖಾನೆಯ ಕೂಗು ಆಗಿ ಚಿಕ್ಕಪ್ಪ ಬೆಳಗಿನ ಪಾಳಿಗೆ ಹೋಗಿದ್ದರು. ಪ್ರತಿ ಸೋಮವಾರ ಹಳೆಯ ಊರಿನ ಸಣ್ಣದೊಂದು ಮಠದಿಂದ ವೃದ್ಧ ಅಯ್ಯನವರೊಬ್ಬರು ಆ ಸಾಲಿಗೆ ಭಿಕ್ಷೆಗೆ ಬರುವುದು ವಾಡಿಕೆ. ಕಾವಿ ಬಟ್ಟೆ, ಹೆಗಲಿಗೆ ಜೋಳಿಗೆ, ಕಾಲಿಗೆ ಕಟ್ಟಿದ ಜಂಗಿನ ಗಂಟೆಗಳು. ಲಿಂಗವಂತರ ಮನೆಗಳಲ್ಲಿ ಬೇಯಿಸಿದ ಅನ್ನವನ್ನು ಸ್ವೀಕರಿಸುತ್ತಿದ್ದರು. ಚಿಕ್ಕಪ್ಪನ ಮನೆಯಲ್ಲಿ ಚಿಕ್ಕಪ್ಪನ ಕೈಯಿಂದ ಹಸಿ ಅಕ್ಕಿಯನ್ನು ಮಾತ್ರ.

ನಾನು ಬಾಗಿಲ ಬಳಿ ಮುಖ ತೊಳೆಯುತ್ತಿದ್ದೆ. ಬೀದಿಯ ತುದಿಯಲ್ಲಿ ಗಂಟೆಯ ಸದ್ದು ಕೇಳಿಸಿತು. ಚಿಕ್ಕಮ್ಮ ಹಿತ್ತಾಳೆಯ ಪಾತ್ರೆಯನ್ನು ಎರಡು ಕೈಗಳಲ್ಲೂ ಹಿಡಿದು ಒಳಗಿನಿಂದ ಬಂದರು. ಅದರಿಂದ ಬಿಸಿ ಅನ್ನದ ಹಬೆ ಏಳುತ್ತಿತ್ತು. ಬೀದಿಗಿಳಿದು, ಮಣ್ಣಿನಲ್ಲಿ ಮೊಣಕಾಲೂರಿ, ಪಾತ್ರೆಯನ್ನು ಹಣೆಗೆ ಮುಟ್ಟಿಸಿದರು. ಅವರ ಊರಿನಲ್ಲಿ ಮುಂಜಾನೆ ಕಾವಿಯುಟ್ಟ ಭಿಕ್ಷುಗಳು ಬಂದಾಗ ಮಡಕೆಯ ಮೊದಲ ಅನ್ನವನ್ನು ಹೀಗೆ ಕೊಡುತ್ತಾರೆ. ಕೊಡುವವರೂ ಮಾತನಾಡುವುದಿಲ್ಲ, ಕೊಳ್ಳುವವರೂ ಮಾತನಾಡುವುದಿಲ್ಲ. ಕೊಟ್ಟ ಪುಣ್ಯವನ್ನು, ನೆಲಕ್ಕೆ ನೀರೆರೆದು, ಸತ್ತವರ ಹೆಸರಿಗೆ ಬಿಡುತ್ತಾರೆ. ಇದನ್ನು ಅವರೇ ನನಗೆ ಮತದ ಭಾಗದಲ್ಲಿ ಬರೆಸಿದ್ದರು. ಅಯ್ಯನವರು ನಿಂತರು. ಅವರ ದೃಷ್ಟಿ ಚಿಕ್ಕಮ್ಮನ ಬರಿದಾದ ಕೊರಳಿನ ಕಡೆಗೆ ಹೋಯಿತು. ಅಲ್ಲಿ ಲಿಂಗದ ಕರಡಿಗೆ ಇರಲಿಲ್ಲ. ಮತ್ತೆ ಅವರ ಮುಖವನ್ನು ನೋಡಿದರು. ಆಮೇಲೆ ತಮ್ಮ ಬಟ್ಟಲನ್ನು ಮುಂದೆ ಚಾಚಿದರು. ಚಿಕ್ಕಮ್ಮ ಅನ್ನವನ್ನು ಪೂರ್ತಿಯಾಗಿ ಅದಕ್ಕೆ ಹಾಕಿದರು. ಅಯ್ಯನವರು ಒಂದೂ ಮಾತಾಡದೆ ಮುಂದಿನ ಮನೆಗೆ ನಡೆದರು.

ಚಿಕ್ಕಮ್ಮ ಚೊಂಬಿನಿಂದ ನೀರನ್ನು ಹನಿಹನಿಯಾಗಿ ನೆಲಕ್ಕೆ ಬಿಟ್ಟರು. ತುಟಿ ಅಲುಗುತ್ತಿತ್ತು. ಮುಗಿದ ಮೇಲೆ ನನ್ನ ಕಡೆ ತಿರುಗಿ, ಹಿಂದಿನ ದಿನದಿಂದ ಮೊದಲ ಸಲ ಅತ್ತರು. “ಮುಟ್ತು ಕಣಪ್ಪಾ. ಅಮ್ಮನಿಗೆ ಮುಟ್ತು,” ಎಂದರು.

ಅದೇ ಸಾಲಿನಲ್ಲಿದ್ದ ನಮ್ಮ ದೂರದ ನೆಂಟರು ಅದನ್ನು ನೋಡಿದ್ದರು. ವಾರ ಕಳೆಯುವಷ್ಟರಲ್ಲಿ ಭವಿಯೊಬ್ಬಳು ಅಯ್ಯನವರಿಗೆ ಅನ್ನವಿಟ್ಟಳೆಂಬ ಸುದ್ದಿ ಗಾಂಧಿ ಬಜಾರಿಗೆ ಬಂತು. ತಂದೆಯ ಅಂಗಡಿಯಲ್ಲಿ ಕೂತು ಜನ ಅದನ್ನು ಹೇಳಿದರು. ಮಠಕ್ಕೆ ನಡೆದುಕೊಳ್ಳುವ ಹಿರಿಯರು ಅಯ್ಯನವರನ್ನು ವಿಚಾರಿಸಿದಾಗ, “ತಾಯಿ ಅನ್ನ ಹಿಡಿದು ನಿಂತಿದ್ಲು. ಕೈ ಒಡ್ಡಿದೆ,” ಎಂದಷ್ಟೇ ಹೇಳಿದರಂತೆ. ಅವರಿಗೆ ಪ್ರಾಯಶ್ಚಿತ್ತ ವಿಧಿಸಿ, ಆ ಸಾಲಿಗೆ ಹೋಗುವುದನ್ನು ತಪ್ಪಿಸಿದರು. ನನ್ನ ತಂಗಿಗೆ ಆಗ ಸಂಬಂಧ ನೋಡುತ್ತಿದ್ದರು. ಗಂಡಿನ ಕಡೆಯವರು, ವಿಷಯ ತಿಳಿಯಾಗಲಿ, ಆಮೇಲೆ ಬರುತ್ತೇವೆ ಎಂದು ಹೇಳಿ ಕಳಿಸಿದರು.

ಅಜ್ಜಿ ಸಂಕ್ರಾಂತಿಯ ಹೊತ್ತಿಗೆ ಬಚ್ಚಲಲ್ಲಿ ಜಾರಿಬಿದ್ದು ಸೊಂಟ ಮುರಿದುಕೊಂಡು ಪಡಸಾಲೆಯ ಮಂಚ ಹಿಡಿದಿದ್ದರು. ಶಿವರಾತ್ರಿಗೆ ಕೆಲವೇ ದಿನಗಳಿರುವಾಗ ಚಿಕ್ಕಪ್ಪನನ್ನೂ ಚಿಕ್ಕಮ್ಮನನ್ನೂ ಕರೆಸಿದರು. ತಂದೆ, ಅಮ್ಮ, ನಾನು ಅಲ್ಲಿಯೇ ಇದ್ದೆವು. ಅಜ್ಜಿ ಕೋಪದಿಂದ ಮಾತನಾಡಲಿಲ್ಲವೆಂಬುದನ್ನು ನಾನು ಇಲ್ಲಿ ಸ್ಪಷ್ಟವಾಗಿ ದಾಖಲಿಸಬೇಕು.

“ಹತ್ರ ಬಾ,” ಎಂದರು ಚಿಕ್ಕಮ್ಮನಿಗೆ. “ನಾನೇನು ಕಲ್ಲಲ್ಲ ಕಣಮ್ಮ. ವರ್ಷ ಪೂರ್ತಿ ಮೀನು ಮುಟ್ಟಿಲ್ಲ ಅಂತ ಕೇಳಿದೀನಿ. ಹೇಗೆ ಸೊರಗಿದೀಯ ಅಂತ ಕಣ್ಣಲ್ಲೇ ಕಾಣ್ತಿದೆ. ನಾಳೆ ನಮ್ಮ ಮನೆ ಅಯ್ಯನೋರು ಬರ್ತಾರೆ. ಅವರ ಮುಂದೆ, ನೆಂಟರ ಮುಂದೆ ಒಂದು ಮಾತು ಹೇಳು. ಗೊತ್ತಿಲ್ದೆ ಅನ್ನ ಕೊಟ್ಟೆ, ತಪ್ಪಾಯ್ತು ಅನ್ನು. ಅಷ್ಟೇ. ತೀರ್ಥ ಕೊಡ್ತಾರೆ. ಶಿವರಾತ್ರಿಗೆ ನಿನ್ನ ಕೊರಳಿಗೆ ಲಿಂಗ ಕಟ್ತೀವಿ.”

ಚಿಕ್ಕಮ್ಮ ಮಂಚದ ಬಳಿಗೆ ಬಂದು ನಿಂತರು. ನಾನು 'ಹೇಳಲಿ, ಹೇಳಿಬಿಡಲಿ' ಎಂದು ಮನಸ್ಸಿನಲ್ಲೇ ಬೇಡಿಕೊಳ್ಳುತ್ತಿದ್ದೆ.

“ಗೊತ್ತಿದ್ದೇ ಕೊಟ್ಟೆ ಅತ್ತೆ.”

“ನಮ್ಮ ಪದ್ಧತಿ ನಿನಗೆ ಗೊತ್ತಿರಲಿಲ್ಲ ಅಂತ ಹೇಳು.”

“ಗೊತ್ತಿತ್ತು. ಇವರು ಹೇಳಿದ್ರು. ಮೀನು ತಪ್ಪು ಅಂದ್ರಿ, ಬಿಟ್ಟೆ. ಸಂತೆ ತಪ್ಪು ಅಂದ್ರಿ, ಬಿಟ್ಟೆ. ನಮ್ಮ ದೇಶದ ಲುಂಗಿ ಉಡಬೇಡ ಅಂದ್ರಿ, ಸೀರೆ ಉಟ್ಟೆ. ಆ ಅನ್ನ ನಮ್ಮಮ್ಮನ ಹೆಸರಲ್ಲಿ ಕೊಟ್ಟಿದ್ದು. ಅದನ್ನ ತಪ್ಪು ಅಂತ ನಾನು ಬಾಯಿಬಿಟ್ಟು ಹೇಳಿದ್ರೆ ಅವಳಿಗೆ ಮುಟ್ಟಿದ್ದು ವಾಪಸ್ ಬಂದುಬಿಡುತ್ತೆ ಅತ್ತೆ. ಅವಳಿಗೆ ನಾನು ಮಾಡಿದ್ದು ಅದೊಂದೇ.”

“ಬರೀ ಬಾಯಿ ಮಾತು ಕಣೇ. ಹೇಳಿದ್ರೆ ಏನೂ ಆಗಲ್ಲ.”

“ಬರೀ ಬಾಯಿ ಮಾತಾದ್ರೆ ನಿಮಗೆ ಯಾಕೆ ಬೇಕು ಅತ್ತೆ?”

ತಂದೆ ಚಿಕ್ಕಪ್ಪನ ಕಡೆ ತಿರುಗಿ, “ಇದು ಹಠ. ನೀನು ಹೇಳು ಅವರಿಗೆ,” ಎಂದರು. ಚಿಕ್ಕಪ್ಪ ನೆಲ ನೋಡುತ್ತ ಕೂತಿದ್ದರು. ಅಜ್ಜಿಯ ಕಣ್ಣಿನಿಂದ ನೀರು ಇಳಿದು ಕಿವಿಯ ಕಡೆಗೆ ಹರಿಯಿತು. ಒರೆಸಿಕೊಳ್ಳಲು ಅವರು ಕೈಯೆತ್ತಲಿಲ್ಲ. ಅಮ್ಮ ಒರೆಸಿದರು. “ಹತ್ತೊಂಬತ್ತು ವರ್ಷ ಇವನ ದಾರಿ ನೋಡಿದೆ. ನನ್ನ ಮಣ್ಣು ಮಾಡೋಕೆ ಇವನು ಪಂಕ್ತಿಯಲ್ಲಿರಬೇಕು. ಅವಳ ಜೊತೆ ಹಿಂಗೇ ಇದ್ರೆ ಜನ ಇವನನ್ನ ಬಿಟ್ಟುಕೊಳ್ಳಲ್ಲ, ನನ್ನ ಮೊಮ್ಮಗಳಿಗೂ ಮದುವೆ ಆಗಲ್ಲ,” ಎಂದರು. ಆ ಮಾತಿನಲ್ಲಿ ಸುಳ್ಳಿರಲಿಲ್ಲ. ಅಲ್ಲಿ ಎದುರುಬದುರಾಗಿದ್ದವರು ಮಗನಿಗಾಗಿ ಮಾತನಾಡುತ್ತಿದ್ದ ಒಬ್ಬ ತಾಯಿ, ತಾಯಿಗಾಗಿ ಮಾತನಾಡುತ್ತಿದ್ದ ಒಬ್ಬ ಮಗಳು. ಇಬ್ಬರ ಮಾತೂ ನಿಜವಾಗಿತ್ತು. ವಾಕ್ಯಗಳಲ್ಲಿ ತಪ್ಪು ಹುಡುಕುವುದನ್ನೇ ಬಾಳಿನುದ್ದಕ್ಕೂ ಮಾಡಿದ ನನಗೆ ಅಂದು ಯಾರ ಮಾತಿನಲ್ಲಿಯೂ ತಪ್ಪು ಸಿಗಲಿಲ್ಲ.

ಶಿವರಾತ್ರಿ ಬಂತು, ಹೋಯಿತು. ದೀಕ್ಷೆ ನಡೆಯಲಿಲ್ಲ. ಚಿಕ್ಕಪ್ಪ ಭದ್ರಾವತಿಗೂ ಶಿವಮೊಗ್ಗಕ್ಕೂ ನಡುವೆ ರೈಲಿನಲ್ಲಿ ಓಡಾಡುತ್ತ, ಎರಡೂ ಕಡೆ ಊಟ ಬಿಟ್ಟು ಕೂರುತ್ತಿದ್ದರು. ನಾನು ಪ್ರಬಂಧದ ಕೆಲಸ ಮುಗಿದಿದ್ದರೂ ಭಾನುವಾರ ಹೋಗುವುದನ್ನು ನಿಲ್ಲಿಸಿರಲಿಲ್ಲ. ಚಿಕ್ಕಮ್ಮ ಸೋಮವಾರಗಳಂದು ಈಗಲೂ ಹೆಚ್ಚಿಗೆ ಅನ್ನ ಮಾಡಿ ಬೀದಿಯ ತುದಿಯ ಕಡೆ ನೋಡುತ್ತಾರೆಂದು ಪಕ್ಕದ ಮನೆಯ ತಮಿಳು ಹೆಂಗಸು ನನಗೆ ಗುಟ್ಟಾಗಿ ಹೇಳಿದಳು. ಅಯ್ಯನವರು ಬರುತ್ತಿರಲಿಲ್ಲ.

ಮಾರ್ಚ್ ತಿಂಗಳ ಒಂದು ಭಾನುವಾರ, ನಾನು ಅಲ್ಲಿರುವಾಗಲೇ, ಚಿಕ್ಕಮ್ಮ ಗಂಡನ ತಟ್ಟೆಗೆ ಸಾರು ಬಡಿಸುತ್ತ ಹೇಳಿದರು: “ನೀವು ಮನೆಗೆ ಹೋಗಿ. ನಿಮ್ಮಮ್ಮ ಇದ್ದಾರೆ.”

“ಏನಂತ ಮಾತು ಅದು?” ಎಂದರು ಚಿಕ್ಕಪ್ಪ.

“ನಮ್ಮಮ್ಮ ಸಾಯುವಾಗ ನಾನು ಇಲ್ಲಿ ಬದನೆಕಾಯಿ ಹೆಚ್ಚುತಿದ್ದೆ. ನಿಮ್ಮಮ್ಮ ಸಾಯುವಾಗ ನೀವು ಎಲ್ಲಿರ್ತೀರಿ? ಆಮೇಲೆ ಜೀವಮಾನ ಪೂರ್ತಿ ನನ್ನ ಮುಖ ನೋಡಿ ಅದನ್ನೇ ನೆನಸ್ಕೋತೀರಿ. ನನಗೆ ಬೇಡ ಅದು.”

“ನೀನೆಲ್ಲಿ ಹೋಗ್ತೀಯ?”

“ಆ ತೆಲುಗು ಅಕ್ಕ ಹೇಳಿದಾಳೆ. ಮದ್ರಾಸಲ್ಲಿ ಬರ್ಮಾದಿಂದ ಬಂದೋರ ಒಂದು ಗಲ್ಲಿ ಇದೆಯಂತೆ. ನನ್ನ ಥರ ಹೆಂಗಸರೂ ಇದ್ದಾರಂತೆ. ಸೇವಿಗೆ ಮಾಡಿ ಮಾರ್ತಾರಂತೆ. ನನಗೆ ಮಾರೋಕೆ ಬರುತ್ತೆ.” ಆಮೇಲೆ ಸ್ವಲ್ಪ ನಗುವ ಪ್ರಯತ್ನ ಮಾಡಿ, “ಅತ್ತೇದು ಎಲ್ಲಾ ಮುಗಿದ ಮೇಲೆ ಬನ್ನಿ. ನಾನೆಲ್ಲೂ ಓಡಿಹೋಗಲ್ಲ,” ಎಂದರು.

“ತಿಂಗಳೋ ಎರಡು ತಿಂಗಳೋ. ಡಾಕ್ಟರೇ ಹೇಳಿದಾರೆ,” ಎಂದು ಚಿಕ್ಕಪ್ಪ ತಮಗೆ ತಾವೇ ಹೇಳಿಕೊಂಡಂತೆ ಹೇಳಿದರು. ತಾಯಿಯ ಸಾವಿಗೆ ಇಷ್ಟು ಸಮಯವೆಂದು ಗೊತ್ತುಮಾಡಿದ ತಮ್ಮ ಮಾತು ಕಿವಿಗೆ ಬಿದ್ದೊಡನೆ ಅವರು ತಟ್ಟೆಯಲ್ಲೇ ಕೈ ತೊಳೆದು ಎದ್ದುಹೋದರು.

ಅಜ್ಜಿ ಆಮೇಲೆ ಒಂಬತ್ತು ವರ್ಷ ಬದುಕಿದರು. ಆ ಒಂಬತ್ತು ವರ್ಷವೂ ಚಿಕ್ಕಪ್ಪ ಅವರ ಮಂಚದ ಪಕ್ಕದಲ್ಲಿಯೇ ಚಾಪೆ ಹಾಸಿಕೊಂಡು ಮಲಗಿದರು, ಹಗಲು ಗಾಂಧಿ ಬಜಾರಿನ ಅಂಗಡಿಯಲ್ಲಿ ಬಟ್ಟೆ ಅಳೆದರು. ತಂಗಿಯ ಮದುವೆ ಚೆನ್ನಾಗಿ ನಡೆಯಿತು. ಅಜ್ಜಿ ಹೋದ ಮೇಲೆ ಚಿಕ್ಕಪ್ಪ ಮದ್ರಾಸಿಗೆ ಹೋಗಿ ಆ ಗಲ್ಲಿಯನ್ನು ಹುಡುಕಿ, ಒಬ್ಬರೇ ಹಿಂದಿರುಗಿದರು. ಅಲ್ಲಿ ಏನು ಕಂಡಿರೆಂದು ನಾವು ಯಾರೂ ಕೇಳಲಿಲ್ಲ, ಅವರೂ ಹೇಳಲಿಲ್ಲ. ಕಾಲಕ್ರಮವನ್ನು ಮೀರಿ ಇದನ್ನು ಮೊದಲೇ ಹೇಳುತ್ತಿರುವುದಕ್ಕೆ ಕಾರಣವಿದೆ: ರೈಲು ನಿಲ್ದಾಣದಲ್ಲಿ ಅವರಿಬ್ಬರೂ ನಿಂತಿದ್ದ ಚಿತ್ರದ ಆಚೆಗೆ ಬರೆಯುವ ಶಕ್ತಿ ನನಗಿಲ್ಲ.

ಏಪ್ರಿಲ್ ತಿಂಗಳ ಮೊದಲ ಭಾನುವಾರ, ಭದ್ರಾವತಿಯಿಂದ ಬೀರೂರಿನ ಕಡೆಗೆ ಹೋಗುವ ರೈಲು. ತೆಲುಗು ದಂಪತಿಗಳು ಒಳಗೆ ಜಾಗ ಹಿಡಿದು ಕೂತಿದ್ದರು. ಚಿಕ್ಕಮ್ಮ ನನ್ನ ತಲೆಯ ಮೇಲೆ ಕೈಯಿಟ್ಟು, “ಮಕ್ಕಳನ್ನ ಜಾಸ್ತಿ ಹೊಡೀಬೇಡ ಮೇಷ್ಟ್ರೇ,” ಎಂದರು. ಆಮೇಲೆ ಗಂಡನ ಕಡೆ ತಿರುಗಿ ಬರ್ಮೀ ಭಾಷೆಯಲ್ಲಿ ಏನನ್ನೋ ಹೇಳಿದರು. ಚಿಕ್ಕಪ್ಪ ಅದೇ ಭಾಷೆಯಲ್ಲಿ ಉತ್ತರ ಕೊಟ್ಟರು. ಅವರು ಆ ಭಾಷೆಯನ್ನು ಆಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಶಿವಮೊಗ್ಗದ ಮನೆಯಲ್ಲಿ ಎಂದೂ ಕಾಣದಿದ್ದ ಒಬ್ಬ ಗಂಡಸಿನ ದನಿ ಅದಾಗಿತ್ತು, ಗಟ್ಟಿಯಾಗಿತ್ತು, ವೇಗವಾಗಿತ್ತು. ಚಿಕ್ಕಮ್ಮ ಮತ್ತೇನನ್ನೋ ಕೇಳಿದರು. ಚಿಕ್ಕಪ್ಪ ಹೌದೆಂಬಂತೆ ತಲೆಯಾಡಿಸಿದರು. ಎರಡನೆಯ ಸಲ ಕೇಳಿದಾಗ ಅವರಿಂದ ತಲೆಯಾಡಿಸಲಾಗಲಿಲ್ಲ. ಅಷ್ಟರಲ್ಲಿ ಗಾರ್ಡು ಹಸಿರು ಬಾವುಟ ಬೀಸಿದ.

ಚಿಕ್ಕಮ್ಮನಿಗೆ ದೀಕ್ಷೆ ಕೊಡುವುದೋ ಬಿಡುವುದೋ ಎಂಬ ಪ್ರಶ್ನೆಯನ್ನು ಆಮೇಲೆ ನಮ್ಮ ಮನೆಯಲ್ಲಿ ಯಾರೂ ಎತ್ತಲಿಲ್ಲ. ಅದು ಇತ್ಯರ್ಥವಾದದ್ದು ೧೯೬೭ನೆಯ ಇಸವಿ ಏಪ್ರಿಲ್ ತಿಂಗಳ ೨ನೆಯ ತಾರೀಖು, ಭಾನುವಾರ.